“ನಡೀತೀರಲ್ಲ, ಮತ್ತೆ ಗಾಡಿ ಯಾಕೆ?” ಎಂದವರಿಗೆ



ಪ್ರವಾಸಿ ತಾಣದ ಗೇಟಿನಲ್ಲಿ, ಟಿಕೆಟ್ ಕೌಂಟರಿನ ಸಾಲಿನಲ್ಲಿ, ದೇವಸ್ಥಾನದ ಹೊರಾಂಗಣದಲ್ಲಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನನ್ನು ಕಂಡಿರುವ ನಿಮ್ಮೆಲ್ಲರಿಗೂ ಈ ಪತ್ರ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನಿಮ್ಮ ಪ್ರಶ್ನೆ ಗೊತ್ತು. ನಡೆಯಲು ಕಷ್ಟವಿರುವವರಿಗೆಂದು ಇರುವ ಮೂರು ಗಾಲಿಯ ಬ್ಯಾಟರಿ ಸ್ಕೂಟರಿನಿಂದ ನಾನು ಎದ್ದು ನಾಲ್ಕು ಹೆಜ್ಜೆ ಇಟ್ಟ ಕೂಡಲೇ ಅದು ಬರುತ್ತದೆ: “ನಡೀತೀರಲ್ಲ ಮೇಡಂ, ಮತ್ತೆ ಈ ಗಾಡಿ ಯಾಕೆ?” ಕೆಲವರು ಕುತೂಹಲಕ್ಕೆ ಕೇಳುತ್ತೀರಿ, ಕೆಲವರು ಕಳ್ಳತನ ಹಿಡಿದ ದನಿಯಲ್ಲಿ ಕೇಳುತ್ತೀರಿ. ಇನ್ನು ಕೆಲವರು ನನ್ನನ್ನು ಕೇಳುವುದೇ ಇಲ್ಲ, ಪಕ್ಕದವರಿಗೆ ಹೇಳಿ ನಗುತ್ತೀರಿ. ಹಿಂದಿನವರು ತಳ್ಳುತ್ತಿರುವಾಗ ಗೇಟಿನಲ್ಲಿ ನಿಂತು ಸಮಾಧಾನವಾಗಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ನಡೆಯುತ್ತೇನೆ. ಮನೆಯಲ್ಲಿ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ ಯಾರ ಹಂಗೂ ಇಲ್ಲದೆ ಓಡಾಡುತ್ತೇನೆ. ಮೈ ಹಗುರಾಗಿರುವ ದಿನ ಬೀದಿ ಕೊನೆಯ ತರಕಾರಿ ಅಂಗಡಿಗೂ ಹೋಗಿ ಬರುತ್ತೇನೆ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಜನ ಇದನ್ನು ‘ವಾತ’ ಎಂದು ಕರೆದು, ವಯಸ್ಸಾದವರ ಮಂಡಿ ಸವೆತದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಸವೆತದಲ್ಲಿ ಮೂಳೆಯ ತುದಿಯ ಮೃದ್ವಸ್ಥಿ ತೆಳುವಾಗುತ್ತಾ ಹೋಗುತ್ತದೆ. ಇದರಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದುತ್ತದೆ, ಕೀಲಿನ ಮೇಲೆ ಕೈಯಿಟ್ಟರೆ ಬಿಸಿ ತಾಗುತ್ತದೆ, ಬೆಳಿಗ್ಗೆ ಎದ್ದಾಗ ಬೆರಳು ಮಡಚಿ ಮುಷ್ಟಿ ಮಾಡುವಷ್ಟಾಗಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ರೋಗವನ್ನು ಹದ್ದುಬಸ್ತಿನಲ್ಲಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಕೆಲವು ವಾರ ಕಾಯಿಲೆ ಇದೆಯೆಂಬುದೇ ಮರೆತುಹೋಗುತ್ತದೆ. ಆಮೇಲೊಂದು ದಿನ ಸುಳಿವೇ ಕೊಡದೆ ಕೆರಳುತ್ತದೆ. ಹಿಂದಿನ ದಿನ ಜಾಸ್ತಿ ನಡೆದಿದ್ದರಂತೂ ಕೆರಳುವುದು ಬಹುತೇಕ ಖಾತ್ರಿ.

ಹಾಗಾಗಿ ನಡಿಗೆ ನನ್ನ ಮಟ್ಟಿಗೆ ಅಳತೆಯ ವಿಷಯ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರಿನ ಮನೆಗೆ ಹೋಗಿ, “ಕೊಡದಲ್ಲಿ ನೀರಿದೆಯಲ್ಲ, ಅಂಗಳ ಯಾಕೆ ತೊಳೆದಿಲ್ಲ?” ಎಂದು ಯಾರೂ ಕೇಳುವುದಿಲ್ಲ. ಇರುವ ನೀರು ಯಾವುದಕ್ಕೆ ಎಂದು ಮನೆಯಾಕೆ ಮೊದಲೇ ಲೆಕ್ಕ ಹಾಕಿರುತ್ತಾಳೆ. ದಿನವೊಂದಕ್ಕೆ ನನಗೆ ಸಿಗುವ ಹೆಜ್ಜೆಗಳೂ ಹಾಗೆಯೇ. ಪಾರ್ಕಿಂಗಿನಿಂದ ಗೇಟಿಗೆ, ಗೇಟಿನಿಂದ ಬಾಗಿಲಿಗೆ ಅವನ್ನೆಲ್ಲ ಸುರಿದುಬಿಟ್ಟರೆ, ನೋಡಲೆಂದು ಬಂದದ್ದರ ಮುಂದೆ ನಿಲ್ಲಲು ಒಂದೂ ಉಳಿದಿರುವುದಿಲ್ಲ. ಬಾಗಿಲ ತನಕ ಸ್ಕೂಟರು ನನ್ನನ್ನು ಒಯ್ಯುತ್ತದೆ, ಒಳಗೆ ನಾನು ನಡೆಯುತ್ತೇನೆ. ನೀವು ನೋಡಿದ್ದು ಆ ಒಳಗಿನ ನಡಿಗೆಯನ್ನು.

ನಮ್ಮ ನಾಡಿನ ಯಾವ ಪ್ರವಾಸಿ ತಾಣಕ್ಕಾದರೂ ಹೋಗಿ, ಟಿಕೆಟ್ ಕೌಂಟರಿನ ಬಳಿ ಮರದ ಕೆಳಗಿನ ಕಟ್ಟೆಯತ್ತ ಒಮ್ಮೆ ಕಣ್ಣು ಹಾಯಿಸಿ. ಅಲ್ಲೊಬ್ಬ ಹೆಂಗಸು ಕೂತಿರುತ್ತಾರೆ. ಸುತ್ತ ಮನೆಯವರೆಲ್ಲರ ಚಪ್ಪಲಿ, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿಯಿರುವ ಬ್ಯಾಗು, ನಿದ್ದೆ ಬಂದ ಮೊಮ್ಮಗು. “ನೀವೆಲ್ಲ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ” ಎಂದು ಅವರೇ ಹೇಳಿ ಕಳಿಸಿರುತ್ತಾರೆ. ಆ ಮಾತನ್ನು ನಾನೂ ಬಹಳ ಕಾಲ ಹೇಳಿದ್ದೇನೆ. ಹೇಳುವಾಗ ದನಿಯಲ್ಲಿ ಬೇಸರ ಇಣುಕಬಾರದು, ಇಣುಕಿದರೆ ಮಕ್ಕಳ ಖುಷಿಗೆ ಕಲ್ಲು ಹಾಕಿದಂತಾಗುತ್ತದೆ. ಒಳಗೆ ಹೋದವರೂ ನೆಮ್ಮದಿಯಾಗಿ ನೋಡುವುದಿಲ್ಲ, ‘ಅಮ್ಮ ಒಬ್ಬರೇ ಕೂತಿದ್ದಾರೆ’ ಎಂದು ಅವಸರದಲ್ಲಿ ಬಂದುಬಿಡುತ್ತಾರೆ. ಬಂದು ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ನಾನು “ಚೆನ್ನಾಗಿದೆ” ಅನ್ನುತ್ತೇನೆ. ಕೊನೆಕೊನೆಗೆ “ನಾನು ಮನೆ ನೋಡ್ಕೋತೀನಿ, ನೀವು ಹೋಗ್ಬನ್ನಿ” ಎನ್ನುವ ಹಂತಕ್ಕೆ ಬಂದಿದ್ದೆ. ಕಾಯಿಲೆಗಿಂತ ಆ ಕಟ್ಟೆಗೆ ನಾನು ಹೆಚ್ಚು ಹೆದರುತ್ತೇನೆ.

ವೀಲ್‌ಚೇರ್ ಸಾಕಲ್ಲವೇ ಎಂದು ಕೇಳುವವರೂ ಇದ್ದಾರೆ. ಅದರ ಗಾಲಿಯನ್ನು ತಾನೇ ತಿರುಗಿಸಿಕೊಳ್ಳಲು ಮಣಿಕಟ್ಟು ಗಟ್ಟಿಯಿರಬೇಕು, ನನ್ನ ಕಾಯಿಲೆ ಕೂತಿರುವುದೇ ಅಲ್ಲಿ. ಇನ್ನೊಬ್ಬರು ತಳ್ಳಿದರೆ ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂಬುದನ್ನು ತಳ್ಳುವವರು ತೀರ್ಮಾನಿಸುತ್ತಾರೆ. ನಮ್ಮ ಯಜಮಾನರು ತಳ್ಳುತ್ತಲೇ ಮಾತಾಡುತ್ತಾರೆ, ನನಗೆ ಅವರ ಮುಖ ಕಾಣುವುದಿಲ್ಲ. ಸ್ಕೂಟರಿನಲ್ಲಿ ಹಾಗಿಲ್ಲ. ಅದರ ಹ್ಯಾಂಡಲ್ ಮೇಲೆ ವೇಗದ ಒಂದು ತಿರುಗುಗುಂಡಿಯಿದೆ. ಒಂದು ಕೊನೆಯಲ್ಲಿ ಆಮೆಯ ಚಿತ್ರ, ಇನ್ನೊಂದು ಕೊನೆಯಲ್ಲಿ ಮೊಲದ್ದು. ಹೆಬ್ಬೆರಳಿನಿಂದ ಸಣ್ಣ ಲಿವರ್ ಒತ್ತಿದರೆ ಹೊರಡುತ್ತದೆ, ಬೆರಳು ತೆಗೆದರೆ ಬ್ರೇಕ್ ತಾನಾಗಿಯೇ ಹಿಡಿದು ನಿಲ್ಲುತ್ತದೆ. ಮೊಲದ ಕೊನೆಗೆ ತಿರುಗಿಸಿದರೂ ನನ್ನದು ಹೋಗುವುದು ಗಂಟೆಗೆ 6 ಕಿ.ಮೀ. ಆಸುಪಾಸು, ಅಂದರೆ ಚುರುಕಾಗಿ ನಡೆಯುವವರ ವೇಗ. ಆಮೆಯ ಕಡೆ ತಿರುಗಿಸಿಟ್ಟರೆ ಯಜಮಾನರ ಪಕ್ಕದಲ್ಲೇ, ಅವರ ಮುಖ ನೋಡುತ್ತ ಹೋಗಬಹುದು. ಬೇಕೆಂದಲ್ಲಿ ನಿಂತು, ಸೀಟನ್ನು ಪಕ್ಕಕ್ಕೆ ತಿರುಗಿಸಿ, ಹಿಡಿಕೆ ಹಿಡಿದು ಏಳಬಹುದು.

ಅದರ ಮಿತಿಯೂ ಗೊತ್ತಿರಲಿ. ಒಂದು ಗೇಣು ಎತ್ತರದ ಹೊಸ್ತಿಲು ಸಾಕು, ಅಲ್ಲಿಗೆ ನಿಂತಿತು. ಹಳೆಯ ಹಾಸುಗಲ್ಲುಗಳ ನಡುವಿನ ಸಂದಿನಲ್ಲಿ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ. ಮೂರು ಗಾಲಿಯದಾದರೆ ಪಕ್ಕಕ್ಕೆ ಇಳಿಜಾರಾದ ನೆಲದಲ್ಲಿ ವಾಲುವ ಭಯ. ಮಳೆ ನಿಂತ ಕೆಮ್ಮಣ್ಣಿನಲ್ಲಂತೂ ಮಾತೇ ಬೇಡ.

ಈ ಗಾಡಿ ಹುಟ್ಟಿದ ಬಗೆಯನ್ನೂ ಹೇಳಬೇಕು. 1968ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲನ್ ಥೀಮ್ ಎಂಬವರು ಇದನ್ನು ಕಟ್ಟಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಣಿಸಿಕೊಂಡಿದ್ದ ತಮ್ಮ ಕುಟುಂಬದವರೊಬ್ಬರಿಗಾಗಿ. ‘ಅಮಿಗೋ’ ಎಂದು ಅದಕ್ಕೆ ಹೆಸರಿಟ್ಟರು. ಆ ಕಾಯಿಲೆ ಬಹಳ ಜನರಲ್ಲಿ ಏರುತ್ತ ಇಳಿಯುತ್ತ ಸಾಗುತ್ತದೆ: ಕೆಲವು ದಿನ ಕಾಲು ಮಾತು ಕೇಳುತ್ತದೆ, ಕೆಲವು ದಿನ ಕೇಳುವುದಿಲ್ಲ. ಸ್ವಲ್ಪ ನಡೆಯಬಲ್ಲವರಿಗೆ, ತಾವೇ ಹತ್ತಿ ತಾವೇ ಇಳಿಯಬಲ್ಲವರಿಗೆ ಒಪ್ಪುವ ಗಾಡಿ ಇದು. ಇದರ ಮೇಲೆ ಕೂತವರು ಎದ್ದು ನಿಂತರೆ ಅದರಲ್ಲಿ ಆಶ್ಚರ್ಯಕ್ಕೆ ಜಾಗವೇ ಇಲ್ಲ.

ನನಗೆ ಆಶ್ಚರ್ಯವಾಗುವುದು ಬೇರೆ ಸಂಗತಿ. ನಡೆಯಬಲ್ಲವರನ್ನು ಕೂರಿಸಿ ಒಯ್ಯುವುದು ನಮಗೆ ಹೊಸದಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬರಿಗಾಲಲ್ಲಿ ಹತ್ತಬೇಕು. ಆಗದವರಿಗೆ ಡೋಲಿಯಿದೆ. ಬುಡದಲ್ಲಿ ಕಾರಿನಿಂದ ಇಳಿದು ನಡೆದುಬಂದ ಅಜ್ಜಿ ಡೋಲಿಯಲ್ಲಿ ಕೂರುತ್ತಾರೆ, ನಾಲ್ವರು ಹೆಗಲು ಕೊಡುತ್ತಾರೆ, ಮೇಲೆ ಹೋದ ಮೇಲೆ ಅಜ್ಜಿ ಇಳಿದು ನಡೆದೇ ಬಾಹುಬಲಿಯ ಪಾದದ ಬಳಿ ಹೋಗುತ್ತಾರೆ. “ಈಗ ನಡೀತಿದ್ದೀರಲ್ಲ ಅಜ್ಜಿ, ಮತ್ತೆ ಡೋಲಿ ಯಾಕೆ?” ಎಂದು ಕೇಳುವ ನಾಲಗೆ ಅಲ್ಲಿ ಯಾರಿಗೂ ಇಲ್ಲ. ಅಜ್ಜಿಗೆ ದರ್ಶನವಾಯಿತಲ್ಲ ಎಂದು ಎಲ್ಲರಿಗೂ ಸಂತೋಷ. ಹಂಪಿಗೆ ಬನ್ನಿ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಸುಮಾರು ಒಂದು ಕಿ.ಮೀ. ಮೊದಲೇ ನಮ್ಮ ವಾಹನ ನಿಲ್ಲಿಸಬೇಕು, ಅಲ್ಲಿಂದ ಬ್ಯಾಟರಿ ಗಾಡಿ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ನೋಡಲು ಹೋಗುವ ಕಾಲೇಜು ಹುಡುಗರೂ ಅದರಲ್ಲೇ ತುಂಬಿಕೊಂಡು ಹೋಗುತ್ತಾರೆ. ಬಿಸಿಲು, ದೂರ, ಗಾಡಿ ಇದೆ, ಹತ್ತಿದರು. ಅವರ ಕಾಲಿನ ಲೆಕ್ಕ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಹನ್ನೆರಡು ಜನ ಕೂರುವ ಬ್ಯಾಟರಿ ಗಾಡಿ ಸೌಕರ್ಯವಾದರೆ ಒಬ್ಬಳು ಕೂರುವ ಬ್ಯಾಟರಿ ಗಾಡಿ ನಾಟಕ ಹೇಗಾಗುತ್ತದೆ?

ಮಕ್ಕಳಿರುವ ಅಮೆರಿಕಕ್ಕೆ ಹೋಗಿಬರುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ಅನೇಕರು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಿರುತ್ತಾರೆ. ಅಲ್ಲಿ ಪಾರ್ಕಿನ ಬಾಗಿಲಲ್ಲೇ ಇಂಥ ಸ್ಕೂಟರು ಬಾಡಿಗೆಗೆ ಸಿಗುತ್ತದೆ. ಓಡಿಸುವವರಿಗೆ 18 ತುಂಬಿರಬೇಕು, ಡಾಕ್ಟರ ಚೀಟಿ ಕೇಳುವುದಿಲ್ಲ. ಮೈಲಿಗಟ್ಟಲೆ ನಡೆಯುವ ಜಾಗ ಅದು. ಊರಲ್ಲಿ ಸ್ಕೂಟರಿನ ಗೋಜಿಲ್ಲದವರೂ ಅಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಗೊಣಗುವವರು ಅಲ್ಲಿಯೂ ಇದ್ದಾರೆ, ಸೋಮಾರಿಗಳು ಎನ್ನುವವರಿದ್ದಾರೆ. ಆದರೆ ಗಾಡಿ ಕೊಡುವ ಕೌಂಟರಿನವರು ಆ ಗೊಣಗಾಟಕ್ಕೆ ಕಿವಿಗೊಡುವುದಿಲ್ಲ.

ಇನ್ನು ವಿಮಾನದ ಮಾತು. ನಮ್ಮವರು ವೀಲ್‌ಚೇರಿನ ದುರುಪಯೋಗ ಮಾಡುತ್ತಾರೆ, ಹತ್ತುವಾಗ ವೀಲ್‌ಚೇರ್, ಇಳಿಯುವಾಗ ಸರಸರ ನಡಿಗೆ ಎಂದು ಸಾಲುಗಟ್ಟಿ ನಿಂತ ವೀಲ್‌ಚೇರುಗಳ ಫೋಟೋ ಹಾಕಿ ನಗುವುದು ಈಗ ಚಾಲ್ತಿಯಲ್ಲಿದೆ. ವಿಮಾನಯಾನದವರು ವೀಲ್‌ಚೇರಿಗೆ ಬಳಸುವ ಸಂಕೇತಗಳನ್ನು ಆ ನಗುವವರು ತಿಳಿದುಕೊಳ್ಳಲಿ. ಡಬ್ಲ್ಯೂಸಿಎಚ್‌ಸಿ ಎಂದರೆ ತಾವಾಗಿ ಸ್ವಲ್ಪವೂ ನಡೆಯಲಾರದವರು, ಸೀಟಿನವರೆಗೂ ಒಯ್ಯಬೇಕು. ಡಬ್ಲ್ಯೂಸಿಎಚ್‌ಎಸ್ ಎಂದರೆ ಮೆಟ್ಟಿಲು ಹತ್ತಲಾರದವರು, ವಿಮಾನದೊಳಗೆ ನಡೆಯಬಲ್ಲರು. ಡಬ್ಲ್ಯೂಸಿಎಚ್‌ಆರ್ ಎಂದರೆ ಮೆಟ್ಟಿಲನ್ನೂ ಹತ್ತಬಲ್ಲರು, ಸೀಟಿಗೂ ನಡೆಯಬಲ್ಲರು. ದೂರ ಮಾತ್ರ ಅವರಿಂದಾಗದು. ಅಂದರೆ ನಡೆಯುವವರಿಗೂ ವೀಲ್‌ಚೇರ್ ಬೇಕಾಗುತ್ತದೆ ಎಂಬುದನ್ನು ಆ ಉದ್ಯಮ ಎಂದೋ ಒಪ್ಪಿ, ಅದಕ್ಕೊಂದು ಸಂಕೇತವನ್ನೇ ಕೊಟ್ಟಿದೆ. ವಿಮಾನದ ಬಾಗಿಲಲ್ಲಿ ವೀಲ್‌ಚೇರಿನಿಂದ ಎದ್ದು ತನ್ನ ಸೀಟಿಗೆ ನಡೆದುಹೋಗುವ ಅಜ್ಜ ಯಾರಿಗೂ ಮೋಸ ಮಾಡುತ್ತಿಲ್ಲ.

2024ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಮುಂಬೈಗೆ ಬಂದಿಳಿದ ದಂಪತಿಗೆ ಎರಡು ವೀಲ್‌ಚೇರ್ ಬೇಕಿತ್ತು, ಸಿಕ್ಕಿದ್ದು ಒಂದು. ಪತ್ನಿಯನ್ನು ಅದರಲ್ಲಿ ಕೂರಿಸಿ, 80 ವರ್ಷದ ಆ ಹಿರಿಯರು ಪಕ್ಕದಲ್ಲಿ ನಡೆದರು. ನಡೆಯಬಲ್ಲವರೇ ಆಗಿದ್ದರು. ವಲಸೆ ತಪಾಸಣೆಯ ಹತ್ತಿರ ಕುಸಿದುಬಿದ್ದರು, ಉಳಿಯಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಸಾಲುಗಟ್ಟಿದ ವೀಲ್‌ಚೇರುಗಳ ಫೋಟೋ ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಸಾಲು ತಪ್ಪಿಸಲೆಂದೇ ವೀಲ್‌ಚೇರ್ ಕೇಳುವವರು ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಅಂಥವರನ್ನು ಹಿಡಿಯಲು ಕಾಲು ನೋಡಿ ತೀರ್ಪು ಕೊಡುವ ರೂಢಿ ಬೆಳೆದರೆ, ಕೇಳಲು ಸಂಕೋಚಪಟ್ಟು ನಡೆಯುವವರು ಮೊದಲು ಬೀಳುತ್ತಾರೆ.

ಸ್ಕೂಟರನ್ನು ವಿಮಾನದಲ್ಲಿ ಒಯ್ಯುವುದಕ್ಕೂ ಸ್ಪಷ್ಟ ನಿಯಮವಿದೆ. ಮಡಚುವಂಥ ಗಾಡಿಯಾದರೆ ಅದರ ಲಿಥಿಯಂ ಬ್ಯಾಟರಿ ಕಳಚಿ ಕೈಚೀಲದ ಜೊತೆ ಕ್ಯಾಬಿನ್ನಿಗೆ ಒಯ್ಯಬೇಕು, ಅದು 300 ವ್ಯಾಟ್-ಅವರ್ ಮೀರಬಾರದು, ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆದಿರಬೇಕು. ನನ್ನದು 24 ವೋಲ್ಟ್, 10 ಆಂಪಿಯರ್-ಅವರ್. ಗುಣಿಸಿದರೆ 240. ಈ ಗುಣಾಕಾರವನ್ನು ಒಂದು ಹಾಳೆಯಲ್ಲಿ ಬರೆದು, ಒಪ್ಪಿಗೆಯ ಪತ್ರದ ಜೊತೆ ಪಾಸ್‌ಪೋರ್ಟಿನ ಕವರಿನಲ್ಲೇ ಇಟ್ಟುಕೊಂಡಿರುತ್ತೇನೆ. ಒಂದು ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಆ ಹಾಳೆ ಓದಲಿಲ್ಲ. ಬ್ಯಾಟರಿ ನೋಡಿದರು, ನಿಂತಿದ್ದ ನನ್ನನ್ನು ನೋಡಿದರು. “ನೀವು ನಿಂತಿದ್ದೀರಲ್ಲ, ಇದು ಯಾರದ್ದು?” ಎಂದರು. ನಿಲ್ಲಬೇಕಾಗಿ ಬಂದದ್ದು ಬ್ಯಾಟರಿ ಕಳಚಲೆಂದು ಸ್ಕೂಟರಿನಿಂದ ಅವರೇ ನನ್ನನ್ನು ಎಬ್ಬಿಸಿದ್ದರಿಂದ. ಹೊರಗೆ ಕಾಣದ ತೊಂದರೆಯಿರುವವರು ಕೊರಳಿಗೆ ಹಾಕಿಕೊಳ್ಳಲೆಂದು ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿಯೊಂದು 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾಗಿ, ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಬಂದಿದೆ. ಆ ಪಟ್ಟಿ ಕಂಡರೆ ಸಿಬ್ಬಂದಿ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ ಎಂಬುದು ಅದರ ಉದ್ದೇಶ. ಅದನ್ನು ನಾನು ಸ್ವಾಗತಿಸುತ್ತೇನೆ. ಕೊರಳಲ್ಲಿ ಪಟ್ಟಿಯಿಲ್ಲದವರ ಮಾತಿಗೂ ಅಷ್ಟೇ ತಾಳ್ಮೆ ಸಿಗಬೇಕೆಂದೂ ಬಯಸುತ್ತೇನೆ.

“ಕಾರ್ಡ್ ಇದೆಯಾ? ಎಷ್ಟು ಪರ್ಸೆಂಟ್?” ಇದು ಎರಡನೆಯ ಪ್ರಶ್ನೆ. ನಮ್ಮಲ್ಲಿ ಅಂಗವೈಕಲ್ಯದ ಬಹುತೇಕ ಸವಲತ್ತುಗಳಿಗೆ ಶೇ 40ರ ಗೆರೆಯಿದೆ. ವೈದ್ಯರ ಮುಂದೆ ಹಾಜರಾದ ದಿನ ಕೀಲು ಎಷ್ಟು ಮಡಚಿತು, ಎಷ್ಟು ಬಲವಿತ್ತು ಎಂದು ಅಳೆದು ಅಂಕಿ ಬರೆಯುತ್ತಾರೆ. ಕೆರಳಿದ ಕಾಯಿಲೆಗೂ ಶಮನವಾದ ಕಾಯಿಲೆಗೂ ಇರುವ ಅಂತರ ಆ ಒಂದು ಅಂಕಿಯಲ್ಲಿ ಹಿಡಿಯುವುದಿಲ್ಲ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇಕಡಾವಾರಿಗಿಂತ ದೊಡ್ಡ ಮಾತೊಂದನ್ನು ತನ್ನ ವ್ಯಾಖ್ಯೆಯಲ್ಲೇ ಇಟ್ಟಿದೆ. ದೀರ್ಘಕಾಲದ ನ್ಯೂನತೆಯೊಂದು ಸುತ್ತಲಿನ ಅಡೆತಡೆಗಳ ಜೊತೆ ಸೇರಿ, ಎಲ್ಲರಂತೆ ಭಾಗವಹಿಸುವುದಕ್ಕೆ ಅಡ್ಡಿಯಾದರೆ ಆ ವ್ಯಕ್ತಿ ವಿಕಲಚೇತನರು ಎನ್ನುತ್ತದೆ ಕಾನೂನು. ಅಡೆತಡೆಗಳ ಜೊತೆ ಸೇರಿ. ಮನೆಯ ನಡುಮನೆಯಲ್ಲಿ ನನಗೆ ಅಡ್ಡಿಯೇ ಇಲ್ಲ. ನೆರಳಿಲ್ಲದ, ಕೂರಲು ಬೆಂಚಿಲ್ಲದ, ಅರ್ಧ ಮೈಲಿ ಉದ್ದದ ದಾರಿಗೆ ಬಂದಾಗ ಅದೇ ಕಾಲು, ಅದೇ ಮಂಡಿ ನನ್ನನ್ನು ಕೂರಿಸಿಬಿಡುತ್ತದೆ. ನನ್ನ ಅಂಗವೈಕಲ್ಯ ಅರೆಕಾಲಿಕವೆಂದಾದರೆ, ಅದರ ಹೊತ್ತುಗೊತ್ತನ್ನು ಬಹುಪಾಲು ನಿಗದಿ ಮಾಡುತ್ತಿರುವವರು ದಾರಿ ಕಟ್ಟಿದವರು.

ಇದೇ ಕಾಯ್ದೆ, ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಾವಳಿ ಬಂದ 5 ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು ಎಂದಿತ್ತು. ನಿಯಮಾವಳಿ ಬಂದದ್ದು 2017ರಲ್ಲಿ. ಗಡುವು ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ನಿಯಮಗಳು ಬರೀ ಮಾರ್ಗಸೂಚಿಯಂತಿವೆ, ಕಡ್ಡಾಯದ ಮಾನದಂಡ ರೂಪಿಸಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಸಮಯ ಕೊಟ್ಟಿತು. ಇದನ್ನೆಲ್ಲ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರ ಮುಂದೆ ಹೇಳಿ ಪ್ರಯೋಜನವಿಲ್ಲ, ಅದು ನನಗೂ ಗೊತ್ತು. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ಈ ಪತ್ರ ಓದಲಿ.

ಓದಿದರೆ, ಕೇಳುವುದು ಹೆಚ್ಚೇನಿಲ್ಲ. ಟಿಕೆಟ್ ಕೌಂಟರಿನ ಪಕ್ಕ ಒಂದು ಬೋರ್ಡು ಹಾಕಿ: ಒಳಗೆ ಎಷ್ಟು ಮೀಟರು ನಡಿಗೆ, ಎಷ್ಟು ಮೆಟ್ಟಿಲು, ಕೈಹಿಡಿಕೆ ಇದೆಯೋ ಇಲ್ಲವೋ, ಕೂರುವ ಜಾಗ ಎಲ್ಲೆಲ್ಲಿ. ಇದಕ್ಕೆ ಟೆಂಡರ್ ಬೇಡ, ಒಂದು ಬೆಳಿಗ್ಗೆ ಟೇಪು ಹಿಡಿದು ಒಬ್ಬರು ಓಡಾಡಿದರೆ ಸಾಕು. ಆ ಬೋರ್ಡಿದ್ದರೆ ಕಟ್ಟೆಯ ಮೇಲೆ ಕೂತ ಎಷ್ಟೋ ಜನ ಎದ್ದು ಒಳಗೆ ಬರುತ್ತಾರೆ, ಯಾಕೆಂದರೆ ಅವರನ್ನು ಅಲ್ಲಿ ಕೂರಿಸಿರುವುದು ಅರ್ಧ ನೋವು, ಅರ್ಧ ಮುಂದೆ ಎಷ್ಟಿದೆಯೋ ಎಂಬ ಅಂಜಿಕೆ. ಎರಡನೆಯದು, ಬ್ಯಾಟರಿ ಗಾಡಿಗಳಿರುವ ಕಡೆ ಒಬ್ಬರೇ ಕೂತು ಓಡಿಸುವ ಸ್ಕೂಟರುಗಳನ್ನೂ ನಾಲ್ಕಾರು ಇಟ್ಟು ಬಾಡಿಗೆಗೆ ಕೊಡಿ. ವರ್ಷಕ್ಕೊಮ್ಮೆ ಪ್ರವಾಸ ಹೋಗುವ ಕುಟುಂಬ ಸ್ವಂತಕ್ಕೆ ಕೊಳ್ಳುವ ವಸ್ತು ಇದಲ್ಲ.

ಬೇರೆ ಪ್ರವಾಸಿಗರೇ, ನಿಮ್ಮಲ್ಲಿ ಬೇಡುವುದೂ ಒಂದಿದೆ. ಒಂದು ಊರಿನ ಸ್ಮಾರಕದಲ್ಲಿ ನಾನು ಮೆಟ್ಟಿಲ ಬುಡದಲ್ಲಿ ಸ್ಕೂಟರು ನಿಲ್ಲಿಸಿ ಮೇಲೆ ಹೋಗಿದ್ದೆ. ಇಳಿದು ಬಂದಾಗ ಅದು ಅಲ್ಲಿರಲಿಲ್ಲ. “ಯಾರೋ ಬಿಟ್ಟುಹೋಗಿದ್ದಾರೆ, ನಡೆಯುವವರ ಗಾಡಿ ಇದು” ಎಂದು ಯಾರೋ ದೂರು ಹೇಳಿ, ಕಾವಲಿನವರು ಅದನ್ನು ಪಾರ್ಕಿಂಗಿಗೆ ತಳ್ಳಿಬಿಟ್ಟಿದ್ದರು. ಹಿಂದಿನ ಲಿವರ್ ಸಡಿಲಿಸಿದರೆ ಅದನ್ನು ಸುಲಭವಾಗಿ ತಳ್ಳಿಕೊಂಡು ಹೋಗಬಹುದು. ನನ್ನ ಪಾಲಿನ ನಡಿಗೆ ಮೇಲೆ ಮುಗಿದಿತ್ತು. ಮಗಳು ಓಡಿಹೋಗಿ ಅದನ್ನು ತರುವ ತನಕ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೂತಿದ್ದೆ. ಹತ್ತಿರ ಬಂದು ವಿಚಾರಿಸಿದವರು ಎಳನೀರು ಮಾರುವ ಒಬ್ಬ ಹೆಂಗಸು. ಅವರು ನನ್ನ ಕಾಲಿನ ಬಗ್ಗೆ ಏನೂ ಕೇಳಲಿಲ್ಲ, “ನೆರಳಿಗೆ ಬರ್ತೀರಾ ಅಕ್ಕ, ಹಿಡ್ಕೊಳ್ಳಲಾ?” ಎಂದರು. ಬೇಕಾಗಿದ್ದ ಪ್ರಶ್ನೆ ಅದು.

ಈ ಚಳಿಗಾಲಕ್ಕೆ ಹಳೇಬೀಡಿಗೆ ಹೊರಟಿದ್ದೇವೆ. ಬೇಲೂರು, ಸೋಮನಾಥಪುರದ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಲ್ಲಿನ ದೇವಸ್ಥಾನ ನಿಂತಿರುವುದು ಎತ್ತರದ ಜಗತಿಯ ಮೇಲೆ, ಮೆಟ್ಟಿಲು ಹತ್ತಿಯೇ ಹೋಗಬೇಕು. ಹೊಯ್ಸಳರು ಕಟ್ಟಿದ ಆ ಜಗತಿಯ ಮೇಲೆ ಗೋಡೆಯ ಸುತ್ತ ನಿಧಾನ ನಡೆಯುತ್ತ ನೋಡಬಹುದು. ಕೆಳಗಿನ ಪಟ್ಟಿಯ ಆನೆಗಳಿಂದ ಶುರುಮಾಡಿ, ಒಂದೊಂದು ಮೂಲೆಯಲ್ಲಿ ನಿಂತು, ಮನಸ್ಸು ತುಂಬುವ ತನಕ ನೋಡಬೇಕೆಂದಿದ್ದೇನೆ. ಅಷ್ಟು ಹೆಜ್ಜೆ ಅಂದು ನನ್ನ ಬಳಿ ಇರುತ್ತದೆ, ಬುಡದ ತನಕ ಸ್ಕೂಟರಿನಲ್ಲೇ ಬಂದಿರುತ್ತೇನಲ್ಲ. ಮೆಟ್ಟಿಲ ಪಕ್ಕ ಕೆಂಪು ಬಣ್ಣದ ಮೂರು ಗಾಲಿಯ ಗಾಡಿಯೊಂದು ಖಾಲಿ ನಿಂತಿದ್ದರೆ ಅದು ನನ್ನದು. ಯಾರಾದರೂ ಅದನ್ನು ತಳ್ಳಲು ಬಂದರೆ, ಅದರ ಯಜಮಾನತಿ ಮೇಲಿದ್ದಾರೆ, ಈಗ ಬರುತ್ತಾರೆ ಎಂದು ದಯವಿಟ್ಟು ಹೇಳಿ.

ಇಂತಿ,
ನಿಮ್ಮಂತೆಯೇ ಟಿಕೆಟ್ ಕೊಂಡು ಒಳಗೆ ಬಂದ ಒಬ್ಬ ಪ್ರವಾಸಿ